ಫೋಟೋ ಇಳಿಸಿದ ಗೋಡೆ

ಫೋಟೋಗಳನ್ನೆಲ್ಲ ಇಳಿಸಿದ ಮೇಲೆ ಗೋಡೆಯ ಮೇಲೆ ಹನ್ನೊಂದು ಬಿಳಿ ಚೌಕಗಳು ಉಳಿದುಕೊಂಡವು. ಇದೊಂದನ್ನು ಅರ್ನೆಟಾ ಯೋಚಿಸಿರಲಿಲ್ಲ. ಬಣ್ಣ ಕಾಣದೆ ಇಪ್ಪತ್ತು ವರ್ಷವಾದ ಗೋಡೆ ಅಡುಗೆಮನೆಯ ಹೊಗೆ, ಚಳಿಗಾಲದ ಹೀಟರಿನ ಧೂಳು ಎಲ್ಲ ಕುಡಿದು ಹಳದಿಗೆ ತಿರುಗಿತ್ತು. ಫೋಟೋಗಳ ಹಿಂದೆ ಮಾತ್ರ ಅಪ್ಪ ಬಳಿದ ಬಿಳುಪು ಬಳಿದ ಹಾಗೇ ಇತ್ತು. ಅಮ್ಮನ ಫೋಟೋ ಇದ್ದ ಜಾಗ ಎಲ್ಲಕ್ಕಿಂತ ದೊಡ್ಡದು. ಅಲ್ಲಿಗೆ ನಿನ್ನೆ ಅಂಗಡಿಯಿಂದ ತಂದ ಸಮುದ್ರದಂಡೆಯ ಚಿತ್ರವನ್ನು ನೇತುಹಾಕಿ ಹಿಂದೆ ಸರಿದು ನೋಡಿದಳು. ಚಿತ್ರ ಚಿಕ್ಕದಾಗಿತ್ತು. ಸಮುದ್ರದ ನಾಲ್ಕೂ ಕಡೆ ಅಮ್ಮನ ಬಿಳಿ ಅಂಚು ಉಳಿದು, ದೊಡ್ಡವರನ್ನು ಎಬ್ಬಿಸಿ ಅವರ ಕುರ್ಚಿಯಲ್ಲಿ ಮಗುವನ್ನು ಕೂರಿಸಿದ ಹಾಗೆ ಕಾಣುತ್ತಿತ್ತು. ಸುತ್ತಲಿನ ಹಳದಿಯನ್ನು ಒದ್ದೆ ಬಟ್ಟೆಯಿಂದ ಉಜ್ಜಿದರೆ ಅಂಚು ಕರಗಬಹುದೆಂದು ಉಜ್ಜಿದಳು. ಉಜ್ಜಿದ ಜಾಗ ಹಳದಿಯೂ ಅಲ್ಲದ ಬಿಳಿಯೂ ಅಲ್ಲದ ಮೂರನೆಯ ಬಣ್ಣಕ್ಕೆ ತಿರುಗಿತು. ಸಾಲಕ್ಕೆ ಮುಂಚೆ ಮನೆ ನೋಡಿ ಬೆಲೆ ಕಟ್ಟುವ ಬ್ಯಾಂಕಿನವನು ಒಂದು ಗಂಟೆಗೆ ಬರುತ್ತಾನೆ. ಈಗ ಹತ್ತೂವರೆ.

ಇಳಿಸಬೇಕು ಎಂದು ಹೇಳಿಕೊಟ್ಟವಳು ಚರ್ಚಿನ ಒಡೆಲ್ ಅಕ್ಕ. ಭಾನುವಾರದ ಪ್ರಾರ್ಥನೆ ಮುಗಿದು ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಾಗ, ಕರಿದ ಕೋಳಿಯ ಮೂಳೆಯನ್ನು ತಟ್ಟೆಯ ಅಂಚಿಗಿಡುತ್ತ, ಉಪ್ಪಿನಕಾಯಿಯ ಹದ ಹೇಳುವಷ್ಟು ಸಲೀಸಾಗಿ ಹೇಳಿದ್ದಳು.

"ಮೊದಲು ಫೋಟೋ ಇಳಿಸು. ಆಮೇಲೆ ತಲೆಗೆ ಹಚ್ಚೋ ಎಣ್ಣೆ ಡಬ್ಬಿ, ಬಾಚಣಿಗೆ, ಚರ್ಚಿನ ಬೀಸಣಿಗೆ. ಪುಸ್ತಕದ ಬೆನ್ನ ಮೇಲೆ ನಮ್ಮವರ ಹೆಸರಿದ್ರೆ ಅದನ್ನೂ. ಗೋಡೆ ಮೇಲಿನ ಯೇಸುಸ್ವಾಮಿ ನಮ್ಮ ಹಾಗೇ ಕಪ್ಪಗಿದ್ರೆ ಪಾಪ, ಅವನನ್ನೂ ಎರಡು ಗಂಟೆ ಮಂಚದ ಕೆಳಗೆ ಮಲಗಿಸು. ಕ್ಷಮಿಸ್ತಾನೆ."

ಮೇಜಿನ ಸುತ್ತ ಕೂತಿದ್ದ ಹೆಂಗಸರೆಲ್ಲ ತಲೆದೂಗಿದರು. ಒಬ್ಬಳಿಗೂ ಇದು ಹೊಸ ಸುದ್ದಿಯಾಗಿರಲಿಲ್ಲ. "ಹೋದ ಸಲ ಇಳಿಸಿರಲಿಲ್ವಾ ನೀನು? ಕಾಫಿ ಬೇರೆ ಕೊಟ್ಯಾ ಅವನಿಗೆ? ಅಯ್ಯೋ ಪೆದ್ದಿ," ಎಂದು ಒಡೆಲ್ ಅಕ್ಕ ನಕ್ಕಿದ್ದಳು. "ಫೋಟೋ ಮಾತ್ರ ಇಳಿಸಿದ್ರೆ ಸಾಲದು ಕಣೆ. ನೀನೂ ಇಳಿ. ನಿಮ್ಮಪ್ಪನ್ನೂ ಇಳಿಸು. ಆಫೀಸಲ್ಲಿ ಯಾರಾದ್ರೂ ಬಿಳಿ ಗೆಳತಿ ಇದ್ರೆ ಕರ್ಕೊಂಡು ಬಂದು ಕೂರಿಸು."

ಹೋದ ಸಲ ಅಂದರೆ ಮೇ ತಿಂಗಳಲ್ಲಿ. ಅಪ್ಪ ಸೂಟು ತೊಟ್ಟು ಕೂತಿದ್ದ. ಅರ್ನೆಟಾ ಬೆಣ್ಣೆ ಕೇಕು ಮಾಡಿದ್ದಳು. ಬಂದವನು ಕೇಕು ತಿಂದು, ಚೆನ್ನಾಗಿದೆ ಎಂದು ಹೇಳಿ, ನಾಲ್ಕು ಮನೆ ಆಚೆ ಇದೇ ಇಟ್ಟಿಗೆಯ ಇದೇ ಅಗಲದ ಮನೆ ನಾಯಿ ಸಾಕಿದ ಬಿಳಿ ಗಂಡಹೆಂಡಿರಿಗೆ ಮಾರಾಟವಾದ ಬೆಲೆಯ ಅರ್ಧಕ್ಕೆ ಈ ಮನೆಯನ್ನು ನಿಲ್ಲಿಸಿ ಹೋಗಿದ್ದ. ಅಷ್ಟು ಕಡಿಮೆ ಬೆಲೆಯ ಮನೆಗೆ ಬೇಕಾದಷ್ಟು ಸಾಲ ಕೊಡಲು ಬ್ಯಾಂಕು ಒಪ್ಪಲಿಲ್ಲ. ಸಾಲ ಬೇಕಾಗಿದ್ದುದು ಗೋಡೆಗೆ. ಪಕ್ಕದ ಹಳೆಯ ಮನೆಯನ್ನು ಕೊಂಡು ಕೆಡವಿದ ಬಿಲ್ಡರು ನೆಲಮಾಳಿಗೆಗೆಂದು ಆಳಕ್ಕೆ ಅಗೆಸಿದ್ದ. ಸಾಲುಮನೆಗಳಲ್ಲಿ ಒಬ್ಬರ ಗೋಡೆ ಇನ್ನೊಬ್ಬರ ಗೋಡೆಯೂ ಹೌದು. ಅವನು ಅಗೆದ ಮೂರನೆಯ ವಾರ ಇವರ ಮೆಟ್ಟಿಲ ಪಕ್ಕ ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ತೊಂಬತ್ತು ದಿನದಲ್ಲಿ ಭದ್ರಪಡಿಸದಿದ್ದರೆ ಮನೆ ಖಾಲಿ ಮಾಡಬೇಕೆಂದು ನಗರದ ನೋಟೀಸು ಬಾಗಿಲಿಗೆ ಅಂಟಿತು. ಅದರ ಮರುದಿನದಿಂದ ಬಾಗಿಲ ಕೆಳಗೆ ಅದೇ ಬಿಲ್ಡರಿನ ಕಾರ್ಡುಗಳು ಬೀಳತೊಡಗಿದವು: ನಿಮ್ಮ ಮನೆಯನ್ನು ಇದ್ದ ಸ್ಥಿತಿಯಲ್ಲೇ ಕೊಳ್ಳುತ್ತೇವೆ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಈ ಜಾಣತನವನ್ನು ಅಪ್ಪ ಬೈದಿರಲಿಲ್ಲ. ಕಾರ್ಡುಗಳನ್ನು ಮಡಚಿ ಅಲುಗಾಡುವ ಮೇಜಿನ ಕಾಲ ಕೆಳಗೆ ಇಟ್ಟಿದ್ದ. ಇವತ್ತು ಬರುವವನು ಬೇರೆ ಬ್ಯಾಂಕಿನವನು. ಇವನೂ ಬೆಲೆ ಇಳಿಸಿದರೆ ಮೂರನೆಯ ಬ್ಯಾಂಕಿಗೆ ಹೋಗುವಷ್ಟು ದಿನಗಳು ಉಳಿದಿರಲಿಲ್ಲ.

ಅಪ್ಪ ಮೆಟ್ಟಿಲಿಳಿದು ಬಂದ. ಎಂಬತ್ತೊಂದರ ರಾಸ್ಕೊ ಪೆಟಿಫರ್ಡ್, ಇಳಿಯುವಾಗ ಈಗಲೂ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಕಿವಿಗೊಟ್ಟು ಇಳಿಯುತ್ತಾನೆ. ನಲವತ್ತು ವರ್ಷ ಗಾರೆ ಕೆಲಸ ಮಾಡಿದವನು. ಗೋಡೆ ಪೊಳ್ಳೋ ಗಟ್ಟಿಯೋ ಸದ್ದಿನಲ್ಲೇ ತಿಳಿಯುತ್ತದೆ ಎನ್ನುತ್ತಾನೆ. ಕೆಳಗಿನ ಮೆಟ್ಟಿಲಲ್ಲಿ ಅವನ ಕೈ ನಿಂತಿತು.

"ನಿಮ್ಮಮ್ಮ ಎಲ್ಲಿ?"

"ಫ್ರೇಮು ಸಡಿಲ ಆಗಿತ್ತಪ್ಪ. ಸರಿ ಮಾಡಿಸ್ಬೇಕು."

"ಹನ್ನೊಂದೂ ಒಂದೇ ದಿನ ಸಡಿಲ ಆಯ್ತಾ?"

"ಇಲಿ ಔಷಧಿ ಹೊಡೆಯೋರು ಬರ್ತಾರೆ ಅಂದಿದ್ನಲ್ಲ. ಅದರ ಹೊಗೆ ತಾಗಬಾರದು ಅಂತ."

"ಇಲಿ!" ಅಪ್ಪ ಟೋಪಿಯನ್ನು ತಲೆಗಿಟ್ಟ. "ನಿಮ್ಮಮ್ಮ ಇದ್ದಾಗ ಈ ಮನೆಗೆ ಇಲಿ ಬಂದಿದ್ರೆ ಅದೂ ಬಾಗಿಲಲ್ಲಿ ಕಾಲೊರೆಸಿಕೊಂಡು ಬರ್ತಿತ್ತು."

ಅವನು ಸಮುದ್ರದ ಚಿತ್ರದ ಕಡೆ ನೋಡಿದ. ಚಿತ್ರದ ಸುತ್ತ ಇದ್ದ ಬಿಳಿಯನ್ನೂ ನೋಡಿದ. ಅವನು ಏನಾದರೂ ಹೇಳಿದ್ದರೆ ಅರ್ನೆಟಾಗೆ ಎಷ್ಟೋ ಹಗುರವಾಗುತ್ತಿತ್ತು. ಜಗಳವಾಡಿ, ಅತ್ತು, ಎಲ್ಲ ಹೇಳಿಬಿಡಬಹುದಿತ್ತು. ಐವತ್ತನಾಲ್ಕು ವರ್ಷದವಳು ಅಪ್ಪನಿಗೆ ಇಲಿಯ ಸುಳ್ಳು ಹೇಳುತ್ತಿದ್ದೇನೆ ಎಂದು ನಾಚಿಕೆಯಾಯಿತು. ಹನ್ನೊಂದೂವರೆಗೆ ಅವನನ್ನು ಕ್ಲೀವನ್‌ನ ಕ್ಷೌರದಂಗಡಿಯಲ್ಲಿ ಇಳಿಸಿದಳು. ಮೂರು ಗಂಟೆಯವರೆಗೆ ಅಲ್ಲೇ ಇರು, ನಾನೇ ಬರುತ್ತೇನೆ ಎಂದಳು. "ಇರೋ ನಾಲ್ಕು ಕೂದಲಿಗೆ ಮೂರೂವರೆ ಗಂಟೆ. ಕ್ಲೀವನ್ ಒಂದೊಂದಕ್ಕೂ ಹೆಸರಿಟ್ಟು ಕತ್ತರಿಸ್ಬೇಕು," ಎಂದು ಅಪ್ಪ ಒಳಗೆ ಹೋದ.

ಮಾರ್ಜಿ ಹನ್ನೆರಡಕ್ಕೆ ಬಂದಳು. ಶಾಲಾ ಇಲಾಖೆಯ ದಾಖಲೆ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಅರ್ನೆಟಾಳ ಪಕ್ಕದ ಮೇಜಿನವಳು. ಪೋಲೆಂಡಿನಿಂದ ಬಂದ ಬಿಳಿಯರ ಮೊಮ್ಮಗಳು, ಒಳ್ಳೆಯವಳು, ಎರಡು ಗಂಟೆ ಈ ಮನೆಯ ಒಡತಿಯಾಗಿ ಕೂರಲು ಕೇಳಿದ ತಕ್ಷಣ ಒಪ್ಪಿದವಳು. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತನ್ನ ಮನೆಯ ಫೋಟೋಗಳನ್ನು ತಂದಿದ್ದಳು. ಅವಳ ಗಂಡ ಮೀನು ಹಿಡಿದು ನಿಂತದ್ದು, ಅವಳ ಮಗಳು ಬಿಳಿ ಗೌನಿನಲ್ಲಿ ಚರ್ಚಿನ ಮೊದಲ ಪ್ರಸಾದಕ್ಕೆ ಹೊರಟದ್ದು. ಅವನ್ನು ಒಂದೊಂದಾಗಿ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಜೋಡಿಸುತ್ತ, "ಇಲ್ಲಿ ಚೆನ್ನಾಗಿ ಕಾಣತ್ತಾ, ಇನ್ನೂ ಸ್ವಲ್ಪ ಈ ಕಡೆ ಇಡಲಾ?" ಎಂದು ಕೇಳಿದಳು. ಅರ್ನೆಟಾ ಸ್ವಲ್ಪ ಈ ಕಡೆ ಇಡು ಅಂದಳು. ಮಾರ್ಜಿಯ ಮಗಳು ಅಲ್ಲಿ ಚೆನ್ನಾಗಿಯೇ ಕಾಣುತ್ತಿದ್ದಳು. ಸಿಟ್ಟು ಬಂದದ್ದು ಅದಕ್ಕೆ. ಎಷ್ಟು ಸುಲಭವಾಗಿ ಈ ಮನೆ ಇನ್ನೊಬ್ಬರ ಮನೆಯಾಗಿಬಿಟ್ಟಿತಲ್ಲ, ಒಂದು ಪೆಟ್ಟಿಗೆಯಲ್ಲಿ ತಂದು ಜೋಡಿಸುವಷ್ಟು ಸುಲಭವಾಗಿ. ಮಾರ್ಜಿ ಅಡುಗೆಮನೆಗೆ ಹೋಗಿ ಲೋಟಗಳೆಲ್ಲಿವೆ, ಉಪ್ಪೆಲ್ಲಿದೆ, ನೆಲಮಾಳಿಗೆಯ ದೀಪದ ಗುಂಡಿ ಎಲ್ಲಿದೆ ಎಂದು ಪಾಠ ಒಪ್ಪಿಸುವ ಮಗುವಿನಂತೆ ಕೇಳಿ ತಿಳಿದುಕೊಂಡಳು.

"ಗೋಡೆ ಬಗ್ಗೆ ಕೇಳಿದ್ರೆ ಏನು ಹೇಳ್ಲಿ ನೆಟ್ಟಿ?"

"ಪಕ್ಕದವರು ಅಗೆದಾಗ ಬಿಟ್ಟಿದ್ದು, ಎಂಜಿನಿಯರ್ ನೋಡಿದಾರೆ ಅನ್ನು."

"ಅದಕ್ಕಿಂತ ಹೆಚ್ಚು ಕೇಳಿದ್ರೆ?"

ಅದಕ್ಕಿಂತ ಹೆಚ್ಚು ಅರ್ನೆಟಾಗೂ ಗೊತ್ತಿರಲಿಲ್ಲ. ಗೊತ್ತಿದ್ದವನನ್ನು ಕ್ಷೌರದಂಗಡಿಯಲ್ಲಿ ಕೂರಿಸಿ ಬಂದಿದ್ದಳು. ಮಾರ್ಜಿಯ ಫೋನಿಗೆ ಕರೆ ಮಾಡಿ, ಅದನ್ನು ತೆರೆದೇ ಮೀನಿನ ಫೋಟೋದ ಹಿಂದೆ ಇರಿಸಿ, ತಾನು ಎದುರು ಸಾಲಿನಲ್ಲಿ ನಿಲ್ಲಿಸಿದ್ದ ಕಾರಿಗೆ ಹೋಗಿ ಕೂತಳು. ಮುಂದಿನ ಸೀಟಿನಲ್ಲಿ ಎಣ್ಣೆ ಡಬ್ಬಿ, ಬಾಚಣಿಗೆ, ಬೀಸಣಿಗೆ ತುಂಬಿದ ಬುಟ್ಟಿ. ಹಿಂದಿನ ಸೀಟಿನಲ್ಲಿ ಅಮ್ಮ. ಚರ್ಚಿನ ಬಾಗಿಲಲ್ಲಿ ಜನರನ್ನು ಬರಮಾಡಿಕೊಳ್ಳುವವರ ಬಿಳಿ ಸಮವಸ್ತ್ರ, ಬಿಳಿ ಕೈಚೀಲ, ಒಂದು ಕೈ ಬೆನ್ನ ಹಿಂದೆ. ಯಾರು ಎಲ್ಲಿ ಕೂರಬೇಕೆಂದು ಮೂವತ್ತು ವರ್ಷ ಕೈ ತೋರಿಸಿದ ಯೂಲಾ ಪೆಟಿಫರ್ಡ್ ಈಗ ಕಾರಿನ ಸೀಟಿನ ಮೇಲೆ ಮಲಗಿಕೊಂಡು ಮೇಲೆ ನೋಡುತ್ತಿದ್ದಳು. ಫೋನಿನಲ್ಲಿ ಮನೆಯ ಸದ್ದು ಕೇಳುತ್ತಿತ್ತು. ಫ್ರಿಜ್ಜಿನ ಗುಂಯ್ ಸದ್ದು, ನೆಲದ ಮೂರನೆಯ ಹಲಗೆಯ ಕಿರುಗುಡಿಕೆ. ಒಳಗಿದ್ದಾಗ ಅದು ಎಂದೂ ಇಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ.

ಬೆಲೆ ಕಟ್ಟುವವನು ಒಂದಕ್ಕೆ ಸರಿಯಾಗಿ ಬಂದ. ನಲವತ್ತರ ಆಸುಪಾಸಿನ ಬಿಳಿಯ, ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. ಬಾಗಿಲಲ್ಲಿ ಬೂಟನ್ನು ಚೆನ್ನಾಗಿ ಒರೆಸಿಕೊಂಡ. ಅಮ್ಮ ಮೆಚ್ಚುತ್ತಿದ್ದಳು ಎಂದು ಅರ್ನೆಟಾಗೆ ಅನ್ನಿಸಿ, ಹಾಗನ್ನಿಸಿದ್ದಕ್ಕೆ ಮುಜುಗರವಾಯಿತು. "ಎಷ್ಟು ಚೆನ್ನಾಗಿ ಇಟ್ಕೊಂಡಿದೀರಿ ಮೇಡಂ," ಎಂದು ಫೋನು ಹೇಳಿತು. "ಥ್ಯಾಂಕ್ಸ್, ಹಳೇ ಮನೆ, ಏನೋ ನಮ್ಮ ಕೈಲಾದಷ್ಟು," ಎಂದು ಮಾರ್ಜಿಯ ದನಿ ಹೇಳಿತು. ನಮ್ಮ. ಅಳತೆ ಪಟ್ಟಿ ಸರ್ರನೆ ಎಳೆದ ಸದ್ದು. ಮೇಯಲ್ಲಿ ಬಂದವನು ಅಳತೆ ಮಾಡಿರಲೇ ಇಲ್ಲ, ಕಣ್ಣಳತೆಯಲ್ಲೇ ಮುಗಿಸಿದ್ದ. ಫೋನಿನ ಸದ್ದುಗಳು ಮೇಲಿನ ಮಹಡಿಗೆ ಹೋಗಿ ಕ್ಷೀಣವಾದವು. ಪಟ್ಟಿ ಮತ್ತೆ ಸರ್ರೆಂದಿತು, ಎತ್ತರದಲ್ಲಿ ಎಲ್ಲೋ.

ಅವಳು ಹತ್ತು ವರ್ಷದವಳಾಗಿದ್ದಾಗ ಮ್ಯೂಸಿಯಮ್ಮಿನಲ್ಲಿ, ಎತ್ತರದಲ್ಲಿ ಹಲಗೆ ಕಟ್ಟಿಕೊಂಡು ಬಿಳಿ ಟೋಪಿಯ ಮೂವರು ಕೆಲಸ ಮಾಡುತ್ತಿದ್ದರು. ಕೆಳಗೆ ಅಮೃತಶಿಲೆಯ ಮೆಟ್ಟಿಲ ಮೇಲೆ ನಾಲ್ಕನೆಯ ತರಗತಿಯ ಮಕ್ಕಳು ಇಬ್ಬಿಬ್ಬರಾಗಿ ಕೈ ಹಿಡಿದು ನಿಂತಿದ್ದರು. ಅರ್ನೆಟಾಳ ಹಳದಿ ಕೋಟು ಹೊಸದು. ಮ್ಯೂಸಿಯಮ್ಮಿನ ಹೆಂಗಸು ಎತ್ತರದ ಕಂಬಗಳ ಬಗ್ಗೆ ಏನೋ ಹೇಳುತ್ತಿದ್ದಳು. ಜೊತೆಗಿದ್ದ ಹುಡುಗಿ ಮೇಲೆ ಬೆರಳು ಮಾಡಿ, "ನೆಟ್ಟಿ, ಅದು ನಿಮ್ಮಪ್ಪ ಅಲ್ವೇನೇ?" ಎಂದಳು. ಮೊಣಕೈವರೆಗೆ ಬಿಳಿ ಗಾರೆ, ಹುಬ್ಬಿನ ಮೇಲೆಲ್ಲ ಬಿಳಿ ಪುಡಿ. ಅರ್ನೆಟಾ ನೋಡಿ, "ಅಲ್ಲ," ಎಂದಳು. ಕಲ್ಲಿನ ಹಜಾರ, ಸಣ್ಣ ಮಾತೂ ಮೇಲಕ್ಕೆ ಏರುವಂಥದು. ಅಪ್ಪ ಕೆಳಗೆ ನೋಡಲಿಲ್ಲ; ನಿಧಾನವಾಗಿ ಹಲಗೆಯ ಮೇಲೆ ತಿರುಗಿ, ಮಕ್ಕಳು ಮುಂದಿನ ಕೋಣೆಗೆ ಹೋಗುವವರೆಗೆ ಗೋಡೆಗೆ ಮುಖ ಮಾಡಿ, ಆಗಲೇ ನಯವಾಗಿದ್ದ ಜಾಗವನ್ನೇ ಕರಣೆಯಿಂದ ಸವರುತ್ತ ನಿಂತ. ರಾತ್ರಿ ಊಟಕ್ಕೆ ಕೂತಾಗ, "ಮ್ಯೂಸಿಯಮ್ಮಲ್ಲಿ ಏನೇನು ನೋಡಿದ್ಯಮ್ಮ?" ಎಂದು ಕೇಳಿದ. ತಿಮಿಂಗಿಲದ ಎಲುಬು ಎಂದಳು. "ಸೂರು ನೋಡಿದ್ಯಾ? ಸೂರು ಚೆನ್ನಾಗಿದೆ," ಎಂದಷ್ಟೇ ಹೇಳಿ ಅಪ್ಪ ಅನ್ನಕ್ಕೆ ಬೇಯಿಸಿದ ಕಾಳು ಬಡಿಸಿಕೊಂಡಿದ್ದ.

"ಈ ಬಿರುಕು ಎಷ್ಟು ಆಳ ಇದೆ ಮೇಡಂ?" ಮಾತು ಈಗ ಕೆಳಗಿನ ಕೋಣೆಗೆ ಮರಳಿತ್ತು. "ಎಂಜಿನಿಯರ್ ನೋಡಿದಾರೆ," ಎಂದಳು ಮಾರ್ಜಿ. "ಅದು ಸರಿ. ಗೋಡೆ ಇನ್ನೂ ಸರೀತಾ ಇದೆಯಾ, ನಿಂತಿದೆಯಾ? ಅದರ ಮೇಲೆ ತುಂಬಾ ವ್ಯತ್ಯಾಸ ಆಗತ್ತೆ." ಮಾರ್ಜಿ, ಕಾಫಿ ಕೊಡಲಾ ಎಂದು ಕೇಳಿದಳು. ಅರ್ನೆಟಾಳ ಕೈ ಕಾರಿನ ಬಾಗಿಲ ಹಿಡಿಯ ಮೇಲಿತ್ತು. ಒಳಗೆ ಹೋಗಿ ಏನು ಹೇಳುವುದು? ಯಾರಾಗಿ ಹೋಗುವುದು? ಆಗ ಫೋನಿನಲ್ಲಿ ಹಿತ್ತಿಲ ಬಾಗಿಲ ಕೀಲು ಕೀರಿತು. ಆ ಬಾಗಿಲನ್ನು ಎತ್ತಿ ತಳ್ಳಬೇಕು, ಹೊಸಬರಿಗೆ ತೆರೆಯಲು ಬರುವುದಿಲ್ಲ.

"ನಮಸ್ಕಾರ ಅಮ್ಮಾವ್ರೇ. ನೆನ್ನೆ ಹಾಕಿದ ಗಾರೆ ಒಣಗಿದೆಯಾ ಅಂತ ನೋಡ್ಕೊಂಡು ಹೋಗೋಕೆ ಬಂದೆ."

ಬೆಳಕು ಬರಲೆಂದು ಅರ್ನೆಟಾ ತಾನೇ ಪರದೆ ಸರಿಸಿದ್ದ ಕಿಟಕಿಯಲ್ಲಿ ಅಪ್ಪ ಕಂಡ. ಕ್ಷೌರದಂಗಡಿಗೆ ತೊಟ್ಟುಹೋದ ಅಂಗಿಯ ಮೇಲೆ ಹಿತ್ತಿಲ ಶೆಡ್ಡಿನಲ್ಲಿದ್ದ ಹಳೆಯ ಬಿಳಿ ಮೇಲಂಗಿ, ಬಿಳಿ ಟೋಪಿ, ಕೈಯಲ್ಲಿ ಬಕೆಟ್ಟು. ಹದಿನಾರು ವರ್ಷದಿಂದ ಮೊಳೆಗೆ ತೂಗಿದ್ದ ಬಟ್ಟೆ. ದನಿ ಕೂಡ ಅಲ್ಲೇ ಮೊಳೆಗೆ ತೂಗಿತ್ತೇನೋ. ಅದು ಅಪ್ಪನ ದನಿಯೇ ಹೌದು, ಆದರೆ ಸ್ವಲ್ಪ ಬಾಗಿದ್ದು, ಊರಿನ ಆ ಬದಿಯ ದೊಡ್ಡ ಮನೆಗಳ ಹಿತ್ತಿಲ ಬಾಗಿಲಲ್ಲಿ ಅವನು ಇಟ್ಟುಕೊಂಡಿದ್ದ ದನಿ. ಮಾರ್ಜಿ, "ಹೂಂ... ಬನ್ನಿ," ಎಂದಳು. ಅವಳಿಗೆ ಅಪ್ಪನ ಪರಿಚಯವಿತ್ತು, ಇದೇ ಮನೆಯಲ್ಲಿ ಎರಡು ಸಲ ಅವನ ಪಕ್ಕ ಕೂತು ಉಂಡಿದ್ದಳು.

"ಓ, ಕೆಲಸದವರು ನೀವೇನಾ? ಸರಿ ಹೋಯ್ತು," ಎಂದ ಬೆಲೆ ಕಟ್ಟುವವನು. "ಏನು ಹೆಸರು?"

"ರಾಯ್ ಅಂತಾರೆ ಸಾರ್."

ರಾಸ್ಕೊ ಎಂಬ ಹೆಸರು ನಾಲಿಗೆಗೆ ಹತ್ತದ ಒಬ್ಬ ದೊಡ್ಡ ಮನೆಯ ಹೆಂಗಸು ಇಟ್ಟ ಹೆಸರು ಅದು. ಅವಳು ಇನ್ನೊಬ್ಬಳಿಗೆ ಹೇಳಿ, ಅವಳು ಮತ್ತೊಬ್ಬಳಿಗೆ ಹೇಳಿ, ಮೂವತ್ತು ವರ್ಷ ಆ ಕಡೆ ಅವನು ರಾಯ್ ಆಗಿದ್ದ. ಬ್ಯಾಂಕಿನ ಕಾಗದದಲ್ಲಿ ಮನೆಯ ಯಜಮಾನನ ಹೆಸರು ರಾಸ್ಕೊ ಎಂದೇ ಇದೆ ಎನ್ನುವುದು ಅರ್ನೆಟಾಗೆ ಈಗ ಹೊಳೆಯಿತು. ಅಪ್ಪನಿಗೆ ಬಾಗಿಲ ಹೊರಗೇ ಹೊಳೆದಿತ್ತು.

ಗೋಡೆ ತಟ್ಟುವ ಸದ್ದು ಬಂತು. "ಕೇಳಿ ಸಾರ್. ಇಲ್ಲಿ ಗಟ್ಟಿ. ಇಲ್ಲೂ ಗಟ್ಟಿ. ಇಲ್ಲಿ ಮಾತ್ರ ಪೊಳ್ಳು, ಮೂರು ಅಡಿ. ಬಿರುಕಿಗೆ ಅಡ್ಡ ಒಂದು ಗಾಜಿನ ಚೂರು ಅಂಟಿಸಿದೀನಿ ನೋಡಿ, ಜೂನ್ ಒಂದನೇ ತಾರೀಖು. ಗೋಡೆ ಕೂದಲೆಳೆಯಷ್ಟು ಸರಿದ್ರೂ ಗಾಜು ಒಡೀಬೇಕಿತ್ತು. ಒಡೆದಿಲ್ಲ. ಗೋಡೆ ನಿಂತಿದೆ ಸಾರ್. ಪಕ್ಕದವನು ಅಗೆದಾಗ ಬೆಚ್ಚಿ ಬಿದ್ದಿತ್ತು, ಈಗ ಸುಧಾರಿಸ್ಕೊಂಡಿದೆ." ಬೆಲೆ ಕಟ್ಟುವವನು ನಕ್ಕ. ಬರೆದುಕೊಳ್ಳುವ ಸದ್ದು. "ಸೂರಿನ ಹೂವಿನ ಕೆಲಸ ಯಾರದು? ಇಂಥದು ಈಗ ಎಲ್ಲೂ ಸಿಗಲ್ಲ." "ನಂದೇ ಸಾರ್." "ತುಂಬಾ ವರ್ಷದಿಂದ ಇವರಿಗೆ ಕೆಲಸ ಮಾಡ್ತಿದೀರಾ?" "ಇವರ ತಾಯಿ ಕಾಲದಿಂದ. ಆ ಅಮ್ಮಾವ್ರು ಬಹಳ ಕಟ್ಟುನಿಟ್ಟು. ಸೂರಲ್ಲಿ ಒಂದು ಗೆರೆ ಸೊಟ್ಟ ಬಂದ್ರೆ ಊಟ ಹಾಕ್ತಿರಲಿಲ್ಲ. ಆದ್ರೆ ನ್ಯಾಯವಾದ ಹೆಂಗಸು."

ಅರ್ನೆಟಾ ಹಿಂದಿನ ಸೀಟಿನ ಕಡೆ ತಿರುಗಲಿಲ್ಲ. ಅಪ್ಪ ಇಷ್ಟು ಚೆನ್ನಾಗಿ ಮಾಡುತ್ತಾನೆಂದು ಅವಳು ಎಣಿಸಿರಲಿಲ್ಲ. ಅವನು ಅಮ್ಮಾವ್ರೇ ಎಂದಾಗ ಫೋನು ಆರಿಸಿಬಿಡಬೇಕು ಅನ್ನಿಸಿದ್ದು ನಿಜ. ಆದರೆ ಗೋಡೆ ನಿಂತಿದೆ ಎಂದಾಗ ಗೆದ್ದೆವು ಅನ್ನಿಸಿದ್ದೂ ಅಷ್ಟೇ ನಿಜ. ಎರಡೂ ಒಂದೇ ಎದೆಯಲ್ಲಿ ಒಂದೇ ಗಳಿಗೆಯಲ್ಲಿ ಆದದ್ದಕ್ಕೆ ತನ್ನ ಮೇಲೆ ಅಸಹ್ಯವಾಯಿತು. ಅಸಹ್ಯಪಡುತ್ತಲೇ, ಇನ್ನು ಅವನು ಹೊರಟುಹೋದರೆ ಒಳ್ಳೆಯದು, ಹೆಚ್ಚು ಹೊತ್ತು ನಿಂತರೆ ಕೆಡುತ್ತದೆ ಎಂದು ಯೋಚಿಸಿದಳು.

ಅವನಿಗೂ ಅದು ಗೊತ್ತಿತ್ತು. ಕೆಲಸ ಮುಗಿದ ಮೇಲೆ ಕೆಲಸದವನು ಮನೆಯಲ್ಲಿ ಇರಬಾರದು. "ಬರ್ತೀನಿ ಅಮ್ಮಾವ್ರೇ," ಎಂದ. ನಂತರ ಕೈಚೀಲದ ಜಿಪ್ಪಿನ ಸದ್ದು, "ಬಹಳ ಉಪಕಾರ ಅಮ್ಮಾವ್ರೇ." ಬೆಲೆ ಕಟ್ಟುವವನೂ ಕಾಗದ ಮಡಚಿದ. ಬಸ್ಸಿಗೆ ಹೋಗುತ್ತೀರಾ ಎಂದು ಕೇಳಿದ. "ಬಕೆಟ್ ಹೊತ್ಕೊಂಡು ಈ ವಯಸ್ಸಲ್ಲಿ? ಎಲ್ಲಿ ಮನೆ? ನಾನೂ ಹೊರಟೆ, ಬಿಡ್ತೀನಿ ಬನ್ನಿ."

ಅಪ್ಪನಿಗೆ ಸುಳ್ಳು ವಿಳಾಸ ಬೇಕಾಗಿತ್ತು. ಎಂಬತ್ತೊಂದರ ನಾಲಿಗೆಗೆ ಸಿಕ್ಕಿದ್ದು ಒಂದು ಕಾಲದ ನಿಜವಾದ ವಿಳಾಸ.

"ವಿಟ್‌ಮೋರ್ ಟವರ್ಸ್, ಸಾರ್."

"ಹೆಸರು ಕೇಳಿದೀನಿ. ದಾರೀಲೇ ಆಗತ್ತೆ."

ಮುಂಬಾಗಿಲು ತೆರೆಯಿತು. ಅಪ್ಪ ಮೆಟ್ಟಿಲಿಳಿದ. ಪ್ರತಿ ಸಂಜೆ ಅವನು ಕೂರುವ ಮೆಟ್ಟಿಲು, ಓಣಿಯ ಜನ ಒಬ್ಬೊಬ್ಬರಾಗಿ ನಿಂತು ಅವನನ್ನು ಮಾತಾಡಿಸುವ ಮೆಟ್ಟಿಲು. ಈಗ ಪರರ ಮನೆಯ ಮೆಟ್ಟಿಲಿಳಿಯುವವನ ಹಾಗೆ ಬದಿಗೆ ಸರಿದು ಇಳಿದ. ಬೆಲೆ ಕಟ್ಟುವವನು ಬಕೆಟ್ಟು ಇಸಿದುಕೊಂಡು ಹಿಂದಿಟ್ಟು ಅವನಿಗೆ ಬಾಗಿಲು ತೆಗೆದ. ಕಾರು ಅರ್ನೆಟಾಳ ಪಕ್ಕದಲ್ಲೇ ಹಾದುಹೋಯಿತು. ಅಪ್ಪ ಅವಳನ್ನು ನೋಡಿದ. ನೋಡಿ, ನಿಧಾನವಾಗಿ, ಆ ಕಡೆಯ ಕಿಟಕಿಗೆ ಮುಖ ತಿರುಗಿಸಿಕೊಂಡ. ಕ್ಲೀವನ್ ನಯವಾಗಿ ಕತ್ತರಿಸಿದ್ದ ಹಿಂದಲೆ, ಕುತ್ತಿಗೆಯ ಮೇಲೆ ಪೌಡರಿನ ಬಿಳುಪು ಕಂಡಿತು.

ಅವಳು ಹಿಂಬಾಲಿಸಿದಳು. ಎರಡು ಕಾರಿನಷ್ಟು ಅಂತರ ಬಿಟ್ಟು, ಕಳ್ಳಿಯ ಹಾಗೆ. ವಿಟ್‌ಮೋರ್‌ನ ಹನ್ನೊಂದನೆಯ ಮಹಡಿಯಲ್ಲಿ ಅವಳು ಹುಟ್ಟಿದ್ದು. ಸರ್ಕಾರ ಕಟ್ಟಿಸಿ ಬಾಡಿಗೆಗೆ ಕೊಟ್ಟ ನಾಲ್ಕು ಎತ್ತರದ ಕಟ್ಟಡಗಳು, ಎಂದೂ ನಡೆಯದ ಲಿಫ್ಟು, ಮೆಟ್ಟಿಲಲ್ಲಿ ಮೂತ್ರದ ವಾಸನೆ. ಅಮ್ಮನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ನಮ್ಮದು ಅಂತ ಒಂದು ಬಾಗಿಲು ನೆಲದ ಮೇಲಿರಬೇಕು ಎಂದು ಒಂದೇ ಹಟ ಹಿಡಿದು, ಅಪ್ಪನ ಪ್ರತಿ ಶುಕ್ರವಾರದ ಕೂಲಿಯನ್ನು ಕಸಿದುಕೊಂಡು ಈ ಮನೆ ಕೊಳ್ಳಿಸಿದವಳು. ಇಪ್ಪತ್ತೈದು ವರ್ಷದ ಕೆಳಗೆ ಒಂದು ಭಾನುವಾರ ಆ ನಾಲ್ಕನ್ನೂ ಮದ್ದಿಟ್ಟು ಉರುಳಿಸಿದಾಗ ಚರ್ಚಿನ ಮೆಟ್ಟಿಲ ಮೇಲೆ ನಿಂತು ಅದೇ ಅಮ್ಮ ಅತ್ತಳು. ಯಾಕಮ್ಮ ಎಂದರೆ, ಧೂಳು ಕಣೆ, ಎಂದಳು. ಬಿಟ್ಟು ಹೋದವರಿಗೆ ಮತ್ತೆ ಇಲ್ಲೇ ಮನೆ ಕೊಡುತ್ತೇವೆ ಎಂದು ಕಾಗದ ಕೊಟ್ಟಿದ್ದರು. ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡೇ ಎಷ್ಟೋ ಜನ ಸತ್ತರು. ಈಗ ಅಲ್ಲಿ ಹುಲ್ಲುಹಾಸು, ಬೂದು ಬಣ್ಣದ ಚಂದದ ಮನೆಗಳು, ಬಾಲ್ಕನಿಗಳಲ್ಲಿ ಸೈಕಲ್ಲುಗಳು.

ಮುಂದಿನ ಕಾರು ಹುಲ್ಲುಹಾಸಿನ ಪಕ್ಕ ನಿಂತಿತು. ಬೆಲೆ ಕಟ್ಟುವವನು ಕಿಟಕಿಯಿಂದ ತಲೆ ಹೊರಹಾಕಿ ಮೇಲೆ ಕೆಳಗೆ ನೋಡಿದ, ಟವರುಗಳನ್ನು ಹುಡುಕುತ್ತಿದ್ದ. ಅಪ್ಪ ಏನೋ ಹೇಳಿ, ಆ ಬೂದು ಮನೆಗಳ ಹಿಂದೆ ಎಲ್ಲೋ ಕೈ ತೋರಿಸಿ, ಬಕೆಟ್ಟು ಇಳಿಸಿಕೊಂಡು ಟೋಪಿ ಮುಟ್ಟಿದ. ಅರ್ನೆಟಾ 'ಅಪ್ಪಾ' ಎಂದು ಕೂಗಿದ್ದರೆ ಕೇಳುವಷ್ಟು ದೂರ. ಕಾರಿನ ಗಾಜು ಇಳಿದೇ ಇತ್ತು. ಬೆಲೆ ಕಟ್ಟುವವನು ಹೊರಡದೆ ಫೋನಿನಲ್ಲಿ ಏನನ್ನೋ ನೋಡುತ್ತ ಕೂತ. ಅಪ್ಪ ಅವನು ನೋಡುತ್ತಿರಬಹುದೆಂದು ಬಕೆಟ್ಟು ಹಿಡಿದು ಹುಲ್ಲಿನ ಮೇಲೆ ನಡೆಯತೊಡಗಿದ, ಮನೆಗೆ ಹೋಗುವವನ ನಡಿಗೆಯಲ್ಲಿ, ಅವಳಿಂದ ದೂರಕ್ಕೆ. ಅವಳು ಕೂಗಲಿಲ್ಲ. ಮೊದಲ ಸಲ, ಮ್ಯೂಸಿಯಮ್ಮಿನಲ್ಲಿ, ಹತ್ತು ವರ್ಷದವಳು, ಬುದ್ಧಿಯಿರಲಿಲ್ಲ. ಈ ಸಲ ಬುದ್ಧಿಯಿದ್ದೇ ಕೂಗಲಿಲ್ಲ. ಬೆಲೆ ಕಟ್ಟುವವನ ಕಾರು ಹೊರಟು, ಮೂಲೆಯಲ್ಲಿ ತಿರುಗಿ, ಹಿಂದಿನ ಕೆಂಪು ದೀಪ ಮರೆಯಾದ ಮೇಲೆಯೇ ಬಾಗಿಲು ತೆಗೆದು ಇಳಿದಳು. ಅಷ್ಟರಲ್ಲಿ ಅಪ್ಪ ಒಂದು ಬೂದು ಮನೆಯ ಬೇಲಿಯ ಹತ್ತಿರ ನಿಂತುಬಿಟ್ಟಿದ್ದ. ಬಾಲ್ಕನಿಯಿಂದ ಒಬ್ಬ ಹುಡುಗಿ, "ಯಾರು ಬೇಕಾಗಿತ್ತು?" ಎಂದು ಕೇಳುತ್ತಿದ್ದಳು.

ಫೋನು ಕೈಯಲ್ಲೇ ಇತ್ತು. ಮಾರ್ಜಿ ಅದರಲ್ಲಿ ಅಳುತ್ತಿದ್ದಳು. "ಆಯ್ತು ನೆಟ್ಟಿ. ಹೋಗುವಾಗ ನನ್ನ ಕೈ ಕುಲುಕಿ, ನಿಮಗೆ ನಿರಾಸೆ ಆಗಲ್ಲ ಮೇಡಂ ಅಂದ. ಈ ಓಣಿಯಲ್ಲೇ ಒಳ್ಳೆ ಮನೆ ಅಂದ. ಆದ್ರೆ ನಿಮ್ಮಪ್ಪ ಹಾಗೇ ನಿಂತಿದ್ರು ಕಣೆ, ಕೈ ಮುಂದೆ ಇಟ್ಕೊಂಡು. ಅವನೂ ನೋಡ್ತಾ ಇದ್ದ. ಏನು ಮಾಡ್ಬೇಕೋ ತಿಳೀದೆ ನಾನು ಇಪ್ಪತ್ತು ಡಾಲರ್ ಕೊಟ್ಟುಬಿಟ್ಟೆ. ಅವರು ತಗೊಂಡ್ರು." ಒಳ್ಳೆಯದಾಯಿತು ಎಂದು ಅರ್ನೆಟಾ ಹೇಳಿದಳು.

ಅಪ್ಪನ ಕೈಯಿಂದ ಬಕೆಟ್ಟು ತೆಗೆದುಕೊಂಡಳು. ಖಾಲಿ ಬಕೆಟ್ಟು. ಮುಂದಿನ ಸೀಟಿನ ಬುಟ್ಟಿಯನ್ನು ತೆಗೆಯಲು ಹೋದರೆ ಅವನು ಬೇಡ ಎಂದು ಹಿಂದೆಯೇ ಕೂತು, ಅಮ್ಮನ ಫೋಟೋವನ್ನು ಎತ್ತಿ ತೊಡೆಯ ಮೇಲೆ ನಿಲ್ಲಿಸಿಕೊಂಡ. ಮೇಲಂಗಿಯ ತೋಳಿನಿಂದ ಗಾಜು ಒರೆಸಿದ.

"ಕ್ಲೀವನ್ ಬಿದ್ದು ಬಿದ್ದು ನಕ್ಕ," ಎಂದ. "ಅವನ ತಂಗಿ ಅಡುಗೆಮನೆ ಸರಿ ಮಾಡ್ಸೋಕೆ ಸಾಲ ತಗೊಳ್ಳೋವಾಗ ಗಂಡನ್ನ ಮೂರು ಗಂಟೆ ಪಾರ್ಕಲ್ಲಿ ಕೂರ್ಸಿದ್ಲಂತೆ. ಅವಳು ಹಾವು ಅಂದಿದ್ಲಂತೆ. ನೀನು ಇಲಿ ಅಂದೆ. ಮರ್ಯಾದೆ ಉಳಿಸ್ದೆ."

"ಅಪ್ಪ, ನಾನು ಹೇಳ್ಬೇಕಿತ್ತು."

"ಹೇಳಿದ್ರೆ ನಾನು ಒಪ್ತಿರಲಿಲ್ಲ. ಮಾರ್ಜಿ ಕೂಲಿ ಕೊಟ್ಲು. ಒಳ್ಳೆ ಹೆಂಗಸು, ಕೈ ಸ್ವಲ್ಪ ಬಿಗಿ." ನೋಟನ್ನು ನಾಲ್ಕು ಮಡಿಕೆ ಮಾಡಿ ಫ್ರೇಮಿನ ಹಿಂದೆ ರಟ್ಟಿನ ಸಂದಿಗೆ ಸಿಕ್ಕಿಸಿದ. ಶುಕ್ರವಾರ ಅಲ್ಲದಿದ್ದರೂ. "ಬೆಲೆ ಏನಂದ?"

"ನಿರಾಸೆ ಆಗಲ್ಲ ಅಂದನಂತೆ."

"ಹಾಗಾದ್ರೆ ಗೋಡೆ ಆಗತ್ತೆ."

"ಆಗತ್ತೆ ಅಪ್ಪ."

ಅವನು ತಲೆಯಾಡಿಸಿದ. ಕನ್ನಡಿಯಲ್ಲಿ ಅವಳಿಗೆ ಬಿಳಿ ಟೋಪಿ ಮಾತ್ರ ಕಾಣುತ್ತಿತ್ತು. ಅದನ್ನು ತೆಗೆ ಎಂದು ಹೇಳಬೇಕೆನ್ನಿಸಿ, ಹೇಳುವ ಅಧಿಕಾರ ತನಗಿಲ್ಲ ಅನ್ನಿಸಿತು. ಓಣಿಯ ತಿರುವಿನಲ್ಲಿ ದೀಪ ಕೆಂಪಾಯಿತು. ಅಲ್ಲಿಂದ ಮನೆ ಕಾಣುತ್ತದೆ. ಮೆಟ್ಟಿಲ ಮೇಲೆ ಮಾರ್ಜಿ ತನ್ನ ರಟ್ಟಿನ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಇವರಿಗಾಗಿ ಕಾಯುತ್ತ ಕೂತಿದ್ದಳು. ನಾಲ್ಕು ಮನೆ ಆಚೆಯ ಗಂಡಹೆಂಡಿರು ನಾಯಿಯೊಂದಿಗೆ ನಿಂತು, ಇಷ್ಟು ದಿನ ಈ ಮೆಟ್ಟಿಲ ಕಡೆ ತಿರುಗಿಯೂ ನೋಡದವರು, ಅವಳೊಂದಿಗೆ ನಗುತ್ತ ಮಾತಾಡುತ್ತಿದ್ದರು.

ಅಪ್ಪ ಅದನ್ನು ನೋಡಿದ. ತೊಡೆಯ ಮೇಲಿನ ಫೋಟೋವನ್ನು ಕಿಟಕಿಗೆ ಬೆನ್ನು ಮಾಡಿ ಮೆಲ್ಲನೆ ತಿರುಗಿಸಿಕೊಂಡ.

"ನೆಟ್ಟಿ," ಎಂದ, ಸಿಟ್ಟಿಲ್ಲದೆ, ಕೆಲಸದ ವಿಷಯ ಕೇಳುವವನ ಹಾಗೆ. "ನಾನೀಗ ಯಾವ ಬಾಗಿಲಿಂದ ಹೋಗ್ಲಿ?"

ದೀಪ ಹಸಿರಾಯಿತು. ಹಿಂದಿನ ಕಾರಿನವನು ಹಾರ್ನ್ ಮಾಡಿದ, ಮತ್ತೊಮ್ಮೆ ಮಾಡಿದ.